ಕಲ್ಲಿನೊಳಗಿಂದ ಬರೋ ಗಾಳಿ

ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಎಲ್ಲಿ ಅಗೆದ್ರೂ ಬಂಡೆ. ಆ ಬಂಡೆಯಲ್ಲಿ ಚೂರುಪಾರು ಯುರೇನಿಯಂ ಇರುತ್ತೆ. ಅದು ಕಾಲಾಂತರದಲ್ಲಿ ರೇಡಿಯಂ ಆಗಿ, ಕೊನೆಗೆ ರೇಡಾನ್ ಅನ್ನೋ ಅನಿಲ ಹುಟ್ಟುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ ಮನೆಯೊಳಗೆ ಬರುತ್ತೆ.

1879ರಲ್ಲೇ ಜರ್ಮನಿಯ ಶ್ನೀಬರ್ಗ್ ಗಣಿಯವರಿಗೆ ಶ್ವಾಸಕೋಶದ ಗಡ್ಡೆ ಬರೋದನ್ನ ಇಬ್ಬರು ವೈದ್ಯರು ಬರೆದಿಟ್ಟಿದ್ರು. ರೇಡಿಯಂನಿಂದ ಅನಿಲ ಹೊರಡೋದನ್ನ ಡೋರ್ನ್ ಕಂಡಿದ್ದು 1900ರಲ್ಲಿ. ಆದ್ರೂ ಬಹಳ ಕಾಲ ಇದು ಗಣಿಯವರ ಪಾಡು ಅಂತಲೇ ಆಗಿತ್ತು.

1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನೋ ಇಂಜಿನಿಯರ್ ಬೆಳಿಗ್ಗೆ ಕೆಲಸ ಶುರು ಮಾಡೋ ಮೊದಲೇ ಅಣುಸ್ಥಾವರದ ವಿಕಿರಣ ಅಲಾರಂ ಹೊಡ್ಕೊಳ್ತು. ಹುಡುಕಿದ್ರೆ, ವಿಕಿರಣ ಬಂದಿದ್ದು ಅವರ ಮನೆಯಿಂದ! 1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನ್ ಕ್ಯಾನ್ಸರ್ ತರುತ್ತೆ ಅಂತ ಹೇಳಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಘನ ಮೀಟರಿಗೆ 100 ಬೆಕೆರೆಲ್ ಅನ್ನೋ ಮಟ್ಟ ಸೂಚಿಸಿತು.

ಬೆಂಗಳೂರಿನ ಮನೆಗಳಲ್ಲೂ, ಸುತ್ತಲಿನ ಕುಡಿಯೋ ನೀರಲ್ಲೂ ಸಂಶೋಧಕರು ರೇಡಾನ್ ಅಳೆದಿದ್ದಾರೆ. ಅಜ್ಜಂದಿರ ತೊಟ್ಟಿಮನೆಗೆ ಗಾಳಿ ಧಾರಾಳ. ನಾವೋ ಏಸಿ ಹಾಕಿ ಕಿಟಕಿ ಮುಚ್ತೀವಿ, ಬಂಡೆಯಾಳದ ಬೋರ್‌ವೆಲ್ ನೀರು ಬಚ್ಚಲಿಗೆ ಬಿಡ್ತೀವಿ. ಹೆದರೋದು ಬೇಡ. ನೆಲದ ಬಿರುಕು ಮುಚ್ಚಿ, ಕಿಟಕಿ ತೆರೀರಿ. ಸಿಗರೇಟು ಸೇದೋರಿಗೆ ಅಪಾಯ ಇನ್ನೂ ಜಾಸ್ತಿ, ಅದನ್ನ ಮೊದಲು ಬಿಡಿ.