ಕಾರ್ತಿಕದ ದಿಲ್ಲಿಯಲ್ಲಿ ಒಬ್ಬ ಹೊಯ್ಸಳ ರಾಜಕುಮಾರ

ಕನ್ನಡಿಗರು ದಿಲ್ಲಿಗೆ ಬಂದ ಕಥೆ ಹೇಳಿ ಅಂದರೆ ನಮ್ಮ ಹಿರಿಯರೆಲ್ಲ ಸರ್ಕಾರಿ ನೌಕರಿ, ಕರೋಲ್ ಬಾಗ್‌ನ ಬಾಡಿಗೆ ಕೋಣೆ, ಆಮೇಲೆ ಆರ್.ಕೆ. ಪುರಂನ ಕರ್ನಾಟಕ ಸಂಘ, ಇಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕೂ ಆರುನೂರು ಚಿಲ್ಲರೆ ವರ್ಷ ಮೊದಲು ಇಲ್ಲಿಗೆ ಬಂದು, ಇದ್ದು, ಊರಿಗೆ ಮರಳಿದ ಒಬ್ಬನಿದ್ದಾನೆ. ಹೆಸರು ವೀರ ವಿರೂಪಾಕ್ಷ. ಹೊಯ್ಸಳ ದೊರೆ ಮೂರನೇ ಬಲ್ಲಾಳನ ಮಗ. ಅವನು ನೌಕರಿ ಹುಡುಕಿ ಬಂದವನಲ್ಲ, ಊರು ನೋಡಲು ಬಂದವನೂ ಅಲ್ಲ. ಅಪ್ಪ ಸೋತಿದ್ದರಿಂದ ಬರಬೇಕಾಯಿತು.

ನಡೆದದ್ದು ಇಷ್ಟು. 1310ರ ನವೆಂಬರ್‌ನಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ದಿಲ್ಲಿಯಿಂದ ದಕ್ಷಿಣಕ್ಕೆ ಹೊರಟ. ಆಗ ಬಲ್ಲಾಳ ದ್ವಾರಸಮುದ್ರದಲ್ಲೇ ಇರಲಿಲ್ಲ. ಮಧುರೆಯ ಪಾಂಡ್ಯ ಅಣ್ಣತಮ್ಮಂದಿರು ಜಗಳವಾಡುತ್ತಿದ್ದರಲ್ಲ, ಅದರಲ್ಲಿ ತನಗೇನಾದರೂ ಸಿಗುತ್ತದಾ ಅಂತ ತಮಿಳುನಾಡಿನ ಕಡೆ ಹೋಗಿದ್ದ. ಸುದ್ದಿ ತಿಳಿದು ಓಡೋಡಿ ಬಂದ. ಕಾಫೂರ್ ದೇವಗಿರಿಯಿಂದ ಹತ್ತು ಸಾವಿರ ಕುದುರೆ ಸವಾರರ ಜೊತೆ ನುಗ್ಗಿ 1311ರ ಫೆಬ್ರವರಿ ಕೊನೆಗೆ ದ್ವಾರಸಮುದ್ರದ ಬಾಗಿಲಲ್ಲಿ ನಿಂತಿದ್ದ. ಬಲ್ಲಾಳ ಕೋಟೆಯೊಳಗೆ ಕೂತು ಲೆಕ್ಕ ಹಾಕಿ ಸಂಧಿಗೆ ಒಪ್ಪಿದ. ಆನೆ, ಕುದುರೆ, ಭಂಡಾರ ಎಲ್ಲ ಕೊಟ್ಟ. ಅಷ್ಟಕ್ಕೇ ಮುಗಿಯಲಿಲ್ಲ. ಪಾಂಡ್ಯ ನಾಡಿಗೆ ದಾರಿ ತೋರಿಸಲು ತಾನೇ ಸೇನೆಯ ಜೊತೆ ಹೋಗಬೇಕಾಯಿತು. ಇಂಥ ದೊರೆಯನ್ನು ಹೇಡಿ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದೇ ಮನುಷ್ಯ ಮುಂದೆ ಮೂವತ್ತು ವರ್ಷ ರಾಜ್ಯ ಉಳಿಸಿಕೊಂಡ, ಮುದಿವಯಸ್ಸಿನಲ್ಲಿ ಮಧುರೆಯ ಸುಲ್ತಾನನ ಮೇಲೆ ಯುದ್ಧಕ್ಕೆ ಹೋಗಿ ಸತ್ತ.

ಕಾಫೂರ್ ದಿಲ್ಲಿಗೆ ಮರಳಿದ್ದು 1311ರ ಅಕ್ಟೋಬರ್‌ನಲ್ಲಿ. ತಂದ ಲೂಟಿಯ ಲೆಕ್ಕವನ್ನು ಬರನಿ ಬರೆದಿದ್ದಾನೆ: 612 ಆನೆ, 20,000 ಕುದುರೆ, 96,000 ಮಣ ಚಿನ್ನ. ಆಸ್ಥಾನದವರ ಲೆಕ್ಕ, ಸ್ವಲ್ಪ ಉಬ್ಬಿಸಿಯೇ ಇರುತ್ತದೆ ಬಿಡಿ. ಆದರೂ ಹಳೇಬೀಡಿನ ಭಂಡಾರ ಸಿರಿ ಕೋಟೆಯ ಅರಮನೆಯ ಮುಂದೆ ಬಂದು ಬಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ. ಅದರ ಹಿಂದೆಯೇ, ಸಂಧಿಯ ಮಾತಿಗೆ ಸಾಕ್ಷಿಯಾಗಿ, ಹೊಯ್ಸಳ ರಾಜಕುಮಾರ.

ಅವನು ದಿಲ್ಲಿಯ ಶರತ್ಕಾಲದ ಕೊನೆ ನೋಡಿದನೇ? ನೋಡಿರಲೇಬೇಕು. ಅವನು ಊರಿಗೆ ಮರಳಿದ್ದು 1313ರ ಮೇ ತಿಂಗಳಲ್ಲಿ. ದಿಲ್ಲಿಯಿಂದ ದ್ವಾರಸಮುದ್ರಕ್ಕೆ ಕಾಫೂರನ ಸೇನೆಗೇ ಮೂರು ತಿಂಗಳಿಗೆ ಮೇಲೆ ಹಿಡಿದಿತ್ತು. ಅಂದರೆ ಕುಮಾರ ಇಲ್ಲಿಂದ ಹೊರಟದ್ದು ಚಳಿಗಾಲದಲ್ಲಿ ಇದ್ದೀತು, 1312ರ ಕಾರ್ತಿಕ ಇಲ್ಲೇ ಕಳೆದಿದ್ದಾನೆ.

ಈ ಲೆಕ್ಕ ಹೊಳೆದ ಮೇಲೆ ಪ್ರತಿ ನವೆಂಬರ್‌ನಲ್ಲಿ ಒಂದು ಭಾನುವಾರ ಅವನು ನೋಡಿರಬಹುದಾದ ದಿಲ್ಲಿಯನ್ನು ಸುತ್ತುವುದು ನನಗೆ ರೂಢಿ. ಒಬ್ಬನೇ ಹೋಗುತ್ತೇನೆ. ಮನೆಯವರಿಗೆ ಮುರುಕು ಗೋಡೆ ನೋಡುವ ಉಮೇದಿಲ್ಲ, ಮಕ್ಕಳಿಗಂತೂ ಮೊದಲೇ ಇಲ್ಲ. ಈಗಿನ ನವೆಂಬರ್ ಅಂದರೆ ಹೊಗೆ, ಕಣ್ಣುರಿ. ಆದರೆ ಹಾಲೆ ಮರ ಹೂ ಬಿಡುವುದೂ ಇದೇ ಹೊತ್ತಿಗೆ. ನಮ್ಮ ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯಂದು ತೊಗಟೆ ಕೆತ್ತಿ ಕಷಾಯ ಮಾಡುತ್ತಾರಲ್ಲ, ಅದೇ ಮರ. ದಕ್ಷಿಣ ದಿಲ್ಲಿಯ ರಸ್ತೆಬದಿಯಲ್ಲಿ ಸಾಲು ಸಾಲಾಗಿ ನೆಟ್ಟಿದ್ದಾರೆ, ಸಂಜೆಯಾದರೆ ಆ ಘಾಟು ವಾಸನೆಗೆ ತಲೆ ಸುತ್ತುತ್ತದೆ.

ಮೊದಲು ಸಿರಿ. 1303ರ ಸುಮಾರಿಗೆ ಮಂಗೋಲರ ಹೆದರಿಕೆಯಲ್ಲಿ ಅಲಾವುದ್ದೀನ್ ಕಟ್ಟಿಸಿದ ಊರು. ಹೆಸರು ಗೊತ್ತಿರುವುದು ಸಭಾಂಗಣದಿಂದ. ಕೋಟೆ ನೋಡಬೇಕಾದರೆ ಶಾಹ್‌ಪುರ್ ಜಾಟ್ ಮತ್ತು ಪಂಚಶೀಲ ಪಾರ್ಕ್ ಕಡೆ ಹೋಗಬೇಕು. ಅಲ್ಲಲ್ಲಿ ಗೋಡೆಯ ತುಂಡು, ಅದಕ್ಕೆ ಒರಗಿ ನಿಂತ ಕಾರು, ಒಳಗಡೆ 1982ರ ಏಷ್ಯನ್ ಗೇಮ್ಸ್‌ಗೆಂದು ಕಟ್ಟಿದ ಮನೆಗಳು. ಸಾವಿರ ಕಂಬದ ಅರಮನೆ ಅಂತ ಬರನಿ ಹೇಳುವ ಹಜಾರ್ ಸುತೂನ್ ಈಗ ಕಣ್ಣಿಗೆ ಸಿಗುವುದಿಲ್ಲ. ಕುಮಾರ ಸುಲ್ತಾನನ ಎದುರು ನಿಂತಿದ್ದರೆ ಇಲ್ಲೇ ಎಲ್ಲೋ ನಿಂತಿರಬೇಕು.

ಅಲ್ಲಿಂದ ಹೌಜ್ ಖಾಸ್. ಸಿರಿಯ ಜನರ ನೀರಿಗೆಂದು ಅಲಾವುದ್ದೀನನೇ ತೋಡಿಸಿದ ಕೆರೆ. ದಡದ ಮದರಸಾ, ಗೋರಿ ಎಲ್ಲ ಫಿರೋಜ್ ಷಾನ ಕಾಲದ್ದು, ಕುಮಾರ ನೋಡಿದ್ದು ಬರೀ ನೀರು. ಕೆರೆ ಕಟ್ಟೆಗಳ ನಾಡಿನಿಂದ ಬಂದವನಿಗೆ ಅದೊಂದು ಪರಿಚಿತ ವಸ್ತು ಸಿಕ್ಕಂತಾಗಿರಬೇಕು ಅನ್ನುವುದು ನನ್ನ ಊಹೆ. ಊಟಕ್ಕೂ ತೊಂದರೆಯಾಗಿರಲಾರದು. ಅಲಾವುದ್ದೀನ್ ಪೇಟೆಯಲ್ಲಿ ಧಾನ್ಯಕ್ಕೆಲ್ಲ ಬೆಲೆ ಕಟ್ಟಿದ್ದ: ಮಣ ಗೋಧಿಗೆ ಏಳೂವರೆ ಜಿತಲ್, ಅಕ್ಕಿಗೆ ಐದು. ಇಂದು ದಿಲ್ಲಿಯಲ್ಲಿ ಸೋನಾ ಮಸೂರಿಗೆ ಅಲೆಯುವ ನಮಗಿಂತ ಅವನೇ ವಾಸಿ.

ಕೊನೆಗೆ ಕುತುಬ್. ಕೈಲಿ ಸಮಯ ಕಡಿಮೆ ಇದ್ದರೆ ಇದೊಂದನ್ನೇ ನೋಡಿ. ಮಿನಾರಿನ ಕೆಳಗೆ ಕೆಂಪುಕಲ್ಲು, ಬಿಳಿ ಅಮೃತಶಿಲೆಯ ಅಲಾಯಿ ದರ್ವಾಜಾ ಇದೆ. ಅದರ ಮೇಲಿನ ಶಾಸನದ ವರ್ಷ ಹಿಜರಿ 710, ಅಂದರೆ 1310–11. ದ್ವಾರಸಮುದ್ರ ಬಿದ್ದ ಹಿಜರಿ ವರ್ಷವೂ ಅದೇ! ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲನ್ನು ಬೆಣ್ಣೆಯ ಹಾಗೆ ಕೊರೆದವರು, ಆದರೆ ಅವರದು ಕಂಬ ತೊಲೆಯ ಲೆಕ್ಕಾಚಾರ. ಇಲ್ಲಿ ಕಂಬವೇ ಇಲ್ಲದೆ, ಕಲ್ಲಿಗೆ ಕಲ್ಲು ಬಿಗಿದು ನಿಂತ ಗುಮ್ಮಟ. ಪಕ್ಕದ ಮಸೀದಿಯಲ್ಲಿ ದೇವಸ್ಥಾನಗಳ ಕಂಬಗಳೇ ಸಾಲಾಗಿ ನಿಂತಿವೆ. ಇಪ್ಪತ್ತೇಳು ದೇವಸ್ಥಾನಗಳದ್ದು ಅಂತ ಅಲ್ಲಿನ ಶಾಸನವೇ ಹೇಳುತ್ತದೆ. ಅದನ್ನು ನೋಡಿ ಅವನಿಗೆ ತನ್ನೂರಿನ ಗುಡಿ ನೆನಪಾಗದೆ ಇರುತ್ತದೆಯೇ? ಆಚೆ ಕಡೆ ಕುತುಬ್‌ಗೆ ಎರಡರಷ್ಟು ಎತ್ತರ ಮಾಡುತ್ತೇನೆಂದು ಅಲಾವುದ್ದೀನ್ ಶುರು ಮಾಡಿದ ಅಲಾಯಿ ಮಿನಾರ್. 1316ರಲ್ಲಿ ಅವನು ಸತ್ತ, ಮಿನಾರ್ ಮೊದಲ ಅಂತಸ್ತಿಗೇ ನಿಂತಿತು.

ಕುಮಾರ ಇಲ್ಲಿ ಅತಿಥಿಯೋ ಒತ್ತೆಯಾಳೋ? ಎರಡೂ ಅನ್ನಬೇಕು. ಇಸಾಮಿ ಎಂಬ ಕವಿಯ ಪ್ರಕಾರ ದಿಲ್ಲಿಗೆ ಬಂದದ್ದು ಬಲ್ಲಾಳನೇ, ಸುಲ್ತಾನ ಅವನಿಗೆ ನಿಲುವಂಗಿ, ಛತ್ರಿ, ಹತ್ತು ಲಕ್ಷ ಟಂಕ ಕೊಟ್ಟು ಕಳಿಸಿದ. ನಮ್ಮ ಕಡೆಯ ಶಾಸನ ಹೇಳುವುದು ಮಗನ ಹೆಸರನ್ನು. ನನಗೆ ಶಾಸನದ ಮಾತೇ ಹೆಚ್ಚು. ಅದು ಆಗಿಂದಾಗಲೇ ಕೆತ್ತಿಸಿದ್ದು, ಇಸಾಮಿ ಬರೆದು ಮುಗಿಸಿದ್ದು 1350ರಲ್ಲಿ.

ಈ ಇಸಾಮಿಯ ಕಥೆಯೂ ಸ್ವಾರಸ್ಯವಾಗಿದೆ. ಅವನು ದಿಲ್ಲಿಯ ಹುಡುಗ. 1327ರಲ್ಲಿ ಮಹಮದ್ ಬಿನ್ ತುಘಲಕ್ ದಿಲ್ಲಿಯವರನ್ನು ದೌಲತಾಬಾದಿಗೆ ಎಬ್ಬಿಸಿದಾಗ ಅವನಿಗೆ ಹದಿನಾರು. ಜೊತೆಗಿದ್ದ ತೊಂಬತ್ತರ ತಾತ ಮೊದಲ ತಂಗುದಾಣ ತಿಲ್‌ಪತ್‌ನಲ್ಲೇ ತೀರಿಕೊಂಡ. ತಿಲ್‌ಪತ್ ಇಂದಿನ ಫರೀದಾಬಾದಿನಲ್ಲಿದೆ. ಮೊಮ್ಮಗ ಅಲ್ಲಿ ತಾತನನ್ನು ಮಣ್ಣು ಮಾಡಿ ದಕ್ಷಿಣಕ್ಕೆ ನಡೆದ. ಅವನ ಕಾವ್ಯಕ್ಕೆ ಆಶ್ರಯ ಕೊಟ್ಟವನು ಗುಲಬರ್ಗದಿಂದ ಆಳಿದ ಮೊದಲ ಬಹಮನಿ ಸುಲ್ತಾನ. ಹೀಗೆ ಹಳೇಬೀಡಿನವನು ದಿಲ್ಲಿಗೆ ಬಂದದ್ದನ್ನು ಬರೆದಿಟ್ಟವನು ದಿಲ್ಲಿಯಿಂದ ನಮ್ಮ ಕಡೆಗೆ ಅಟ್ಟಿಸಿಕೊಂಡು ಬಂದವನು!

ಇನ್ನು ಶಾಸನ. ಶಿವಮೊಗ್ಗ ಸೀಮೆಯದು, 1313ರದು. ತುರುಕರ ಯುದ್ಧದ ನಂತರ ಮಗ ದಿಲ್ಲಿಯಿಂದ ಮರಳಿ ಬಂದ ಸಂತೋಷಕ್ಕೆ ದೊರೆ ದೇವರ ಹೆಸರಲ್ಲಿ ತೆರಿಗೆ ಬಿಟ್ಟುಕೊಟ್ಟ ಅಂತ ಅದರ ಸಾರ. ಕುಮಾರ ಇಲ್ಲಿ ಏನು ಕಂಡ, ಯಾರ ಜೊತೆ ಮಾತಾಡಿದ, ಚಳಿ ಹೇಗೆ ತಡೆದ, ಒಂದಕ್ಕೂ ಸಾಲಿಲ್ಲ. ಬಂದ ಅಂತ ಮಾತ್ರ ಇದೆ. ಭಂಡಾರ ಬರಿದಾಗಿ ಎರಡು ವರ್ಷವಾಗಿತ್ತು, ಅಂಥ ಹೊತ್ತಿನಲ್ಲಿ ತೆರಿಗೆ ಬಿಟ್ಟ ಅಪ್ಪ.

ಬಲ್ಲಾಳ ಸತ್ತ ಮೇಲೆ 1343ರಲ್ಲಿ ವಿರೂಪಾಕ್ಷನೇ ಪಟ್ಟಕ್ಕೆ ಬಂದ. ಮೂರೇ ವರ್ಷದಲ್ಲಿ ಹೊಯ್ಸಳರ ಆಳ್ವಿಕೆ ಮುಗಿದು ವಿಜಯನಗರದ ಸಂಗಮ ಸೋದರರ ಕೈಗೆ ಆ ನಾಡು ಹೋಯಿತು. ಇಸಾಮಿ ಬರೆಯಲು ಕೂತಾಗ ವಿಚಾರಿಸೋಣವೆಂದರೆ ದ್ವಾರಸಮುದ್ರದಲ್ಲಿ ಅರಮನೆಯವರು ಯಾರೂ ಉಳಿದಿರಲಿಲ್ಲ.