ಗಂಧದ ಮರ ಯಾರದು?

ಹೊರನಾಡಿನಲ್ಲಿರುವ ನಾವು ‘ಗಂಧದ ನಾಡಿನವರು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ರಜೆಯಲ್ಲಿ ಊರಿಗೆ ಹೋಗಿ ಬರುವಾಗ ನೆರೆಮನೆಯವರಿಗೆಂದು ಮೈಸೂರು ಸ್ಯಾಂಡಲ್ ಸಾಬೂನು ತರುತ್ತೇವೆ. ಆದರೆ ಆ ನಾಡಿನ ರೈತ ಸುಮಾರು ಇನ್ನೂರು ವರ್ಷ ತನ್ನ ಹೊಲದಲ್ಲಿ ಗಂಧದ ಸಸಿ ನೆಡುವ ಗೋಜಿಗೇ ಹೋಗಲಿಲ್ಲ. ಕಾರಣ ಮಣ್ಣಿನಲ್ಲಿರಲಿಲ್ಲ, ಕಾನೂನಿನಲ್ಲಿತ್ತು.

1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಬಂದ ಒಡೆಯರ ಸರಕಾರವೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಭೂಮಿ ಯಾರದೇ ಇರಲಿ, ಅದರಲ್ಲಿ ಬೆಳೆದ ಗಂಧ ಸರಕಾರದ್ದು. ಖಜಾನೆಗೆ ಅದು ದೊಡ್ಡ ಆದಾಯ. ಹರಾಜಿನಲ್ಲಿ ಮಾರಿದ ಮರದ ಬಹುಪಾಲು ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿತ್ತು. 1914ರ ಯುದ್ಧ ಆ ದಾರಿಯನ್ನು ಮುಚ್ಚಿದಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆಯ ಕಾರ್ಖಾನೆ ಆರಂಭವಾಯಿತು. ನಮ್ಮ ಸಾಬೂನಿನ ಹುಟ್ಟು ಅದರ ಬೆನ್ನಿಗೇ.

ಸರಕಾರಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನನಗೆ ಈ ಏರ್ಪಾಡಿನ ತರ್ಕ ಅರ್ಥವಾಗುತ್ತದೆ: ಬೆಲೆಬಾಳುವ ವಸ್ತು ಲೆಕ್ಕದ ಪುಸ್ತಕದಲ್ಲಿರಬೇಕು. ಆದರೆ ಗಂಧದ ಬೀಜ ಬಿತ್ತುವುದು ಹಕ್ಕಿ. ಹಣ್ಣು ತಿಂದು ಬೇಲಿಯ ಮೇಲೆ ಕುಳಿತರೆ ಸಾಕು, ಮರುವರ್ಷ ಅಲ್ಲೊಂದು ಸಸಿ. ಬೆಳೆದ ಮರವನ್ನು ಕಾಯುವ ಹೊಣೆ ಮಾತ್ರ ಹೊಲದವನ ಮೇಲೆ. ಕಳ್ಳ ಕಡಿದೊಯ್ದರೂ ಅವನೇ ಉತ್ತರ ಹೇಳಬೇಕು. ಇಂಥ ಮರ ದೊಡ್ಡದಾಗುವ ಮೊದಲೇ ಸಸಿಯನ್ನು ಸದ್ದಿಲ್ಲದೆ ಕಿತ್ತು ಹಾಕಿದವನನ್ನು ನಾನಂತೂ ದೂರಲಾರೆ. 1963ರ ಕರ್ನಾಟಕ ಅರಣ್ಯ ಕಾಯಿದೆಯೂ ಹಳೆಯ ಹಕ್ಕನ್ನೇ ಮುಂದುವರಿಸಿತು.

ಹಾಗಾದರೆ ನಮ್ಮ ರೈತನಿಗೆ ಮರ ನೆಡುವುದೇ ಬೇಡವಾಗಿತ್ತೇ? ಕೋಲಾರದ ಕಡೆ ನೋಡಬೇಕು. 1970ರ ದಶಕದ ಕೊನೆಯಿಂದ ಅಲ್ಲಿನ ಜಮೀನುದಾರರು ರಾಗಿ ಹೊಲಗಳಲ್ಲಿ ನೀಲಗಿರಿ ನೆಟ್ಟರು. ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಸಸಿ ಸುಲಭವಾಗಿ ಸಿಗುತ್ತಿತ್ತು, ಗಿರಣಿಗಳು ಕಟ್ಟಿಗೆ ಕೊಳ್ಳುತ್ತಿದ್ದವು. ದನ ಅದನ್ನು ಮುಟ್ಟುವುದಿಲ್ಲ, ಕಳೆ ತೆಗೆಯಲು ಆಳು ಬೇಡ, ಕಡಿದ ಬುಡ ಮತ್ತೆ ಚಿಗುರುತ್ತದೆ. ಪಟ್ಟಣದಲ್ಲಿ ನೌಕರಿಯಲ್ಲಿದ್ದ ಜಮೀನುದಾರನಿಗೆ ಇದಕ್ಕಿಂತ ಅನುಕೂಲದ ಬೆಳೆ ಯಾವುದು? ಲಾಭ ಬಂದದ್ದೂ ನಿಜ. ಆದರೆ ರಾಗಿಯ ಜೊತೆ ಕೂಲಿಯವರ ಸುಗ್ಗಿಯೂ ದನಗಳ ಹುಲ್ಲೂ ಹೋದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದರು. ಅಂತರ್ಜಲದ ಚಿಂತೆಯಿಂದ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರಕಾರವೇ ನಿಷೇಧಿಸಿದ್ದು 2017ರಲ್ಲಿ.

ಗಂಧದ ಕಾನೂನು ಬದಲಾಗಲು 2001 ಬರಬೇಕಾಯಿತು. ಆ ವರ್ಷದ ತಿದ್ದುಪಡಿಯಿಂದ ಭೂಮಿಯ ಒಡೆಯನೇ ಗಂಧದ ಒಡೆಯನಾದ. ಮರುವರ್ಷ ತಮಿಳುನಾಡೂ ಹಾಗೆಯೇ ಮಾಡಿತು. ಅಷ್ಟರಲ್ಲಿ ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿ, ಆರ್ಡ್ ನದಿಯ ನೀರಾವರಿಯಲ್ಲಿ, ನಮ್ಮ ಗಂಧವನ್ನೇ ತೋಟವಾಗಿ ಬೆಳೆಸುವ ಕೆಲಸ ಶುರುವಾಗಿತ್ತು!

ಈಗ ನಮ್ಮಲ್ಲಿ ಕೆಲವರು ಊರಿನ ಎರಡೆಕರೆಗೆ ಗಂಧ ಹಾಕುವ ಮಾತಾಡುತ್ತಿದ್ದಾರೆ. ‘ಎಕರೆಗೆ ಇಷ್ಟು ಕೋಟಿ’ ಎಂಬ ಲೆಕ್ಕವನ್ನೂ ಯಾರೋ ಕೊಟ್ಟಿರುತ್ತಾರೆ. ಸಸ್ಯಶಾಸ್ತ್ರ ಓದಿದವರಿಗೆ ನೆನಪಿರಬಹುದು: ಗಂಧ ಅರೆ ಪರಾವಲಂಬಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ಆಹಾರ ಹೀರುತ್ತದೆ. ಆದ್ದರಿಂದ ಜೊತೆಯಲ್ಲಿ ಮೊದಲು ತೊಗರಿ, ಆಮೇಲೆ ಹೊಂಗೆಯಂಥ ಮರ ಇರಲೇಬೇಕು. ವಾಸನೆಯೂ ಬೆಲೆಯೂ ಇರುವುದು ಕಾಂಡದ ನಡುವಿನ ಚೇಗಿನಲ್ಲಿ. ಅದು ಕಟ್ಟಲು ಶುರುವಾಗುವುದೇ ಸುಮಾರು ಹತ್ತು ವರ್ಷಕ್ಕೆ, ಚೆನ್ನಾಗಿ ಬಲಿಯಲು ಇನ್ನೂ ಬಹಳ ಕಾಲ ಬೇಕು. ಚೇಗು ಕಟ್ಟಿದ ಸುದ್ದಿ ಒಡೆಯನಿಗಿಂತ ಮೊದಲು ಕಳ್ಳನಿಗೆ ತಿಳಿಯುತ್ತದೆ. ಹಕ್ಕು ಸಿಕ್ಕರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ರಹದಾರಿ ಉಳಿದುಕೊಂಡವು. ನೀಲಗಿರಿಯಂತೆ ನೆಟ್ಟು ಮರೆತು ಮುಂಬಯಿಯಲ್ಲಿ ಕುಳಿತಿರುವ ಬೆಳೆ ಇದಲ್ಲ. ಊರಿನಲ್ಲಿ ಅಣ್ಣನೋ ತಮ್ಮನೋ ತೋಟದಲ್ಲೇ ವಾಸವಿದ್ದರೆ ಮಾತು ಬೇರೆ. ಇಲ್ಲವಾದರೆ ಸಸಿಗಿಂತ ಮೊದಲು ಹದಿನೈದು ಇಪ್ಪತ್ತು ವರ್ಷದ ಕಾವಲಿನ ಸಂಬಳವನ್ನು ಕೂಡಿಸಿ ನೋಡುವುದು ಒಳ್ಳೆಯದು.