ಒಂದೇ ಎಂಆರ್‌ಐ, ಎರಡು ಬೆಲೆ: ಅಮೆರಿಕದ ಆಸ್ಪತ್ರೆ ಬಿಲ್ಲಿನ ಒಳಗುಟ್ಟು

ಹೋದ ವರ್ಷ ನಮ್ಮ ಮಗಳು ಸ್ಕೇಟಿಂಗ್ ಮಾಡಲು ಹೋಗಿ ಮೊಣಕಾಲು ಉಳುಕಿಸಿಕೊಂಡಳು. ಡಾಕ್ಟರು ಎಂಆರ್‌ಐ ಬರೆದುಕೊಟ್ಟರು. ಅವರ ಕ್ಲಿನಿಕ್ಕಿನವರೇ ಪಕ್ಕದ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಸಮಯ ಗೊತ್ತುಮಾಡಿದರು. ನಾವೂ ಹೆಚ್ಚು ಯೋಚಿಸದೆ ಹೋಗಿ ಬಂದೆವು. ಮೂರು ವಾರದ ಮೇಲೆ ಬಂದ ಕಾಗದ ನೋಡಿ ಕುಡಿಯುತ್ತಿದ್ದ ಕಾಫಿ ಗಂಟಲಲ್ಲೇ ನಿಂತಿತು. ಇನ್ಶೂರೆನ್ಸಿನವರು ಒಪ್ಪಿದ ದರ 2,640 ಡಾಲರ್! ಡಿಡಕ್ಟಿಬಲ್ ಇನ್ನೂ ತುಂಬಿರಲಿಲ್ಲ, ಹಾಗಾಗಿ ಅಷ್ಟೂ ನಮ್ಮ ಜೇಬಿನಿಂದಲೇ. ಆಮೇಲೆ ಹುಡುಕಿದರೆ, ಮೂರು ಮೈಲಿ ಆಚೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅದೇ ಇನ್ಶೂರೆನ್ಸಿಗೆ, ಅದೇ 73721 ಎಂಬ ಕೋಡಿಗೆ, 510 ಡಾಲರ್.

ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಇಂಥ ಕಥೆ ಹೊಸದಲ್ಲ. ಊರಿಗೆ ಹೋದಾಗಲೇ ಹಲ್ಲು, ಕಣ್ಣು, ರಕ್ತಪರೀಕ್ಷೆ ಎಲ್ಲ ಮುಗಿಸಿಕೊಂಡು ಬರುವವರು ನಮ್ಮಲ್ಲಿ ಎಷ್ಟು ಜನರಿಲ್ಲ! ಆದರೆ ಒಂದೇ ಊರಿನೊಳಗೆ ಐದು ಪಟ್ಟು ವ್ಯತ್ಯಾಸ ಏಕೆ ಎಂದು ನಾವು ಕೇಳುವುದು ಕಡಿಮೆ.

ಪ್ರತಿ ಆಸ್ಪತ್ರೆಯಲ್ಲೂ ಚಾರ್ಜ್‌ಮಾಸ್ಟರ್ ಎಂಬ ಉದ್ದನೆಯ ದರಪಟ್ಟಿ ಇರುತ್ತದೆ. ಆ ದರವನ್ನು ಪೂರ್ತಿ ಕೊಡುವವರು ತೀರಾ ಕಡಿಮೆ. ಮೆಡಿಕೇರ್ ತನ್ನ ದರವನ್ನು ತಾನೇ ನಿಗದಿ ಮಾಡುತ್ತದೆ. ಖಾಸಗಿ ಇನ್ಶೂರೆನ್ಸಿನವರು ಒಂದೊಂದು ಆಸ್ಪತ್ರೆಯೊಡನೆಯೂ ಚೌಕಾಸಿ ಮಾಡುತ್ತಾರೆ. ಊರಿಗೆ ಒಂದೇ ದೊಡ್ಡ ಆಸ್ಪತ್ರೆ ಸಮೂಹ ಇದ್ದರೆ ಚೌಕಾಸಿಯಲ್ಲಿ ಗೆಲ್ಲುವುದು ಅದೇ. ಜೊತೆಗೆ, ಆಸ್ಪತ್ರೆಗೆ ಸೇರಿದ ಕಟ್ಟಡದಲ್ಲಿ ಕಾಲಿಟ್ಟರೆ ‘ಫೆಸಿಲಿಟಿ ಫೀ’ ಬೇರೆ. ರ್‍ಯಾಂಡ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಲ್ಲಿ ಖಾಸಗಿ ಇನ್ಶೂರೆನ್ಸ್ ಆಸ್ಪತ್ರೆಗಳಿಗೆ ಕೊಟ್ಟದ್ದು ಅದೇ ಸೇವೆಯ ಮೆಡಿಕೇರ್ ದರದ ಶೇ. 254ರಷ್ಟು. ಕೆಲವು ರಾಜ್ಯಗಳಲ್ಲಿ ಇದು ಶೇ. 200ಕ್ಕಿಂತ ಕಡಿಮೆ, ಫ್ಲಾರಿಡಾದಂಥ ಕಡೆ ಶೇ. 300ಕ್ಕೂ ಮೇಲೆ.

‘ಕಂಪನಿ ಕೊಡುತ್ತದಲ್ಲ, ನಮಗೇನು’ ಎನ್ನುವವರಿಗೆ ಸ್ವಲ್ಪ ಇತಿಹಾಸ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಕಾನೂನಿನಿಂದ ಸಂಬಳ ಏರಿಸುವುದಕ್ಕೆ ಕಡಿವಾಣ ಬಿತ್ತು. ಆರೋಗ್ಯ ವಿಮೆಯಂಥ ಸೌಲಭ್ಯಕ್ಕೆ ಮಾತ್ರ ವಿನಾಯಿತಿ ಇದ್ದುದರಿಂದ ಕಂಪನಿಗಳು ಅದನ್ನೇ ತೋರಿಸಿ ಕೆಲಸಗಾರರನ್ನು ಸೆಳೆದವು. 1954ರ ತೆರಿಗೆ ಕಾನೂನು ಅದನ್ನು ಗಟ್ಟಿ ಮಾಡಿತು. ಕೆಎಫ್‌ಎಫ್ ಸಂಸ್ಥೆಯ ಸಮೀಕ್ಷೆಯಂತೆ 2024ರಲ್ಲಿ ಕಂಪನಿಯ ಮೂಲಕ ಬರುವ ಕುಟುಂಬ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,572 ಡಾಲರ್. ಇದರಲ್ಲಿ ಕೆಲಸಗಾರರ ಸಂಬಳದಿಂದ ಕತ್ತರಿಸಿದ್ದು 6,296. ಉಳಿದದ್ದೂ ಒಂದರ್ಥದಲ್ಲಿ ನಮ್ಮ ಕೈಗೆ ಬಾರದ ಸಂಬಳವೇ.

ಇನ್ನೊಂದು ಸಂಗತಿ ನಮಗೂ ತಡವಾಗಿ ತಿಳಿಯಿತು. ಕಾರ್ಡಿನ ಮೇಲೆ ಇನ್ಶೂರೆನ್ಸ್ ಕಂಪನಿಯ ಹೆಸರಿದ್ದರೂ, ದೊಡ್ಡ ಕಂಪನಿಗಳಲ್ಲಿ ಬಹುಪಾಲು ಬಿಲ್ಲು ಕಟ್ಟುವುದು ಮಾಲೀಕರ ಹಣದಿಂದಲೇ. ಇದಕ್ಕೆ ಸೆಲ್ಫ್ ಫಂಡೆಡ್ ಪ್ಲಾನ್ ಎನ್ನುತ್ತಾರೆ. 2024ರಲ್ಲಿ ಕಂಪನಿ ವಿಮೆ ಪಡೆದ ಕೆಲಸಗಾರರಲ್ಲಿ ಶೇ. 63 ಮಂದಿ ಇಂಥ ಪ್ಲಾನಿನಲ್ಲಿದ್ದರು. ಅಂದಮೇಲೆ ದರ ತಗ್ಗಿಸುವ ಗರಜು ಇರಬೇಕಾದ್ದು ಮಾಲೀಕರಿಗೇ.

ಗರಜು ತೋರಿಸಿದವರಲ್ಲಿ ಒಬ್ಬರು ಕ್ಯಾಲಿಫೋರ್ನಿಯಾ ಸರ್ಕಾರಿ ನೌಕರರ ವಿಮೆ ನೋಡಿಕೊಳ್ಳುವ ಕ್ಯಾಲ್‌ಪರ್ಸ್. ಮಂಡಿ ಮತ್ತು ಸೊಂಟದ ಕೀಲು ಬದಲಿಸುವ ಆಪರೇಷನ್ನಿಗೆ ಅವರ ಸದಸ್ಯರಿಂದ ಆಸ್ಪತ್ರೆಗಳು ಪಡೆಯುತ್ತಿದ್ದುದು 15,000ದಿಂದ 1,10,000 ಡಾಲರ್‌ವರೆಗೆ! ಗುಣಮಟ್ಟದಲ್ಲಿ ಅದಕ್ಕೆ ತಕ್ಕ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಅವರು ಮಿತಿ ಹಾಕಿದರು: ಆಸ್ಪತ್ರೆಗೆ 30,000 ಡಾಲರ್‌ವರೆಗೆ ನಾವು ಕೊಡುತ್ತೇವೆ, ಅದಕ್ಕಿಂತ ದುಬಾರಿ ಕಡೆ ಹೋದರೆ ಮೇಲಿನದ್ದು ನಿಮ್ಮದು. ಆ ದರದೊಳಗೆ ಮಾಡುವ ಆಸ್ಪತ್ರೆಗಳ ಪಟ್ಟಿಯನ್ನೂ ಕೈಗಿತ್ತರು. ಮೊದಲ ವರ್ಷವೇ ಅಗ್ಗದ ಆಸ್ಪತ್ರೆಗಳಿಗೆ ಹೋದವರು ಶೇ. 21 ಹೆಚ್ಚಿದರು, ದುಬಾರಿ ಕಡೆ ಹೋದವರು ಶೇ. 34 ಇಳಿದರು. ಸ್ವಾರಸ್ಯವೆಂದರೆ, ದುಬಾರಿ ಆಸ್ಪತ್ರೆಗಳೂ ತಮ್ಮ ದರವನ್ನು ಸುಮಾರು ಮೂರರಲ್ಲೊಂದು ಭಾಗ ಇಳಿಸಿದವು. ಆ ವರ್ಷ ಕ್ಯಾಲ್‌ಪರ್ಸ್‌ಗೆ ಉಳಿದದ್ದು 28 ಲಕ್ಷ ಡಾಲರ್. ಗಿರಾಕಿ ಎದ್ದು ಹೊರಟಾಗ ಅಂಗಡಿಯವನು ‘ಬನ್ನಿ ಸಾರ್, ನೋಡೋಣ’ ಎಂದು ಕರೆಯುವ ಚಿಕ್ಕಪೇಟೆಯ ವ್ಯಾಪಾರ ನಮಗೆ ನೆನಪಾಯಿತು.

ಈ ಉಪಾಯ ಮುಂಚಿತವಾಗಿ ಯೋಚಿಸಿ ಮಾಡಿಸುವ ಚಿಕಿತ್ಸೆಗೆ ಮಾತ್ರ. ಎದೆ ನೋವು ಬಂದವರು ದರ ವಿಚಾರಿಸುತ್ತ ಕೂರಲಾದೀತೆ? ಮೊಂಟಾನಾ ರಾಜ್ಯದ ನೌಕರರ ವಿಮೆ 2016ರಲ್ಲಿ ಬೇರೆ ದಾರಿ ಹಿಡಿಯಿತು. ಆಸ್ಪತ್ರೆಯ ಪಟ್ಟಿ ದರದಿಂದ ಕೆಳಕ್ಕೆ ಚೌಕಾಸಿ ಮಾಡುವ ಬದಲು ಮೆಡಿಕೇರ್ ದರದಿಂದ ಮೇಲಕ್ಕೆ ಲೆಕ್ಕ ಹಾಕಿತು. ವಾಲ್‌ಮಾರ್ಟ್ 2013ರಿಂದ ಹೃದಯ ಮತ್ತು ಬೆನ್ನುಮೂಳೆ ಆಪರೇಷನ್ನಿಗೆ ಆಯ್ದ ಕೆಲವೇ ಆಸ್ಪತ್ರೆಗಳಿಗೆ ಪ್ರಯಾಣದ ಖರ್ಚು ಕೊಟ್ಟು ನೌಕರರನ್ನು ಕಳಿಸಿತು. ಬೆನ್ನಿನ ಆಪರೇಷನ್ ಬೇಕೆಂದು ಹೋದ ಅನೇಕರಿಗೆ ಅಲ್ಲಿನ ಡಾಕ್ಟರು ಆಪರೇಷನ್ನೇ ಬೇಡ ಎಂದರು.

ಆದರೆ ಅನೇಕ ಕಂಪನಿಗಳು ಹಿಡಿದದ್ದು ಸುಲಭದ ದಾರಿ: ಡಿಡಕ್ಟಿಬಲ್ ಏರಿಸಿ, ಹೆಚ್‌ಎಸ್‌ಎ ಖಾತೆ ಕೊಟ್ಟು, ‘ನೀವೇ ನೋಡಿ ಕೊಂಡುಕೊಳ್ಳಿ’ ಎನ್ನುವುದು. ನಮಗೆ ಇದು ಸರಿ ಕಾಣುವುದಿಲ್ಲ. ಒಳ್ಳೆ ಸಂಬಳದ ನೌಕರರಿದ್ದ ಒಂದು ದೊಡ್ಡ ಕಂಪನಿಯ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಪ್ಲಾನಿಗೆ ಬಂದಮೇಲೆ ಖರ್ಚು ಶೇ. 12ರಿಂದ 14ರಷ್ಟು ಇಳಿಯಿತು, ನಿಜ. ಆದರೆ ಯಾರೂ ಅಗ್ಗದ ಕಡೆ ಹೋಗಲಿಲ್ಲ. ಬೇಕಾದ ಚಿಕಿತ್ಸೆ, ಬೇಡದ್ದು ಎರಡನ್ನೂ ಕಡಿಮೆ ಮಾಡಿದರು ಅಷ್ಟೇ. ನಾವೂ ಅದೇ ಜಾತಿ ತಾನೆ? ಕ್ಯಾಮೆರಾ ಕೊಳ್ಳಲು ಹತ್ತು ಕಡೆ ದರ ನೋಡುವವರು ಎಂಆರ್‌ಐಗೆ ಕಣ್ಣು ಮುಚ್ಚಿ ಹೋದೆವು.

ಈಗ ದರ ನೋಡಲು ಸಾಧನಗಳಿವೆ. 2021ರ ಜನವರಿ 1ರಿಂದ ಆಸ್ಪತ್ರೆಗಳು ಒಪ್ಪಂದದ ದರಗಳನ್ನು ಪ್ರಕಟಿಸಬೇಕು. 2022ರ ಜುಲೈ 1ರಿಂದ ವಿಮೆ ಪ್ಲಾನ್‌ಗಳೂ. ನಮ್ಮ ಪ್ಲಾನಿನ ಫೈಲನ್ನು ಇಳಿಸಿಕೊಂಡು ತೆರೆಯಲು ಹೋಗಿ ಲ್ಯಾಪ್‌ಟಾಪ್ ಮೂರ್ಛೆ ಹೋಯಿತು. ಅದು ಮನುಷ್ಯರು ಓದುವ ಗಾತ್ರದ್ದಲ್ಲ. ನಿಮ್ಮ ಪ್ಲಾನಿನ ವೆಬ್‌ಸೈಟಿನಲ್ಲಿರುವ ವೆಚ್ಚ ಅಂದಾಜಿನ ಪುಟವೇ ವಾಸಿ. ಡಾಕ್ಟರ ಕಚೇರಿಯಿಂದ ಸಿಪಿಟಿ ಕೋಡ್ ಕೇಳಿ ಪಡೆದು ಅಲ್ಲಿ ಹಾಕಿ ನೋಡಿ. ವಿಮೆಯಿಲ್ಲದೆ ಸ್ವಂತ ಹಣ ಕೊಡುವವರು 2022ರಿಂದ ಮುಂಚೆಯೇ ಲಿಖಿತ ಅಂದಾಜು ಕೇಳಬಹುದು. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಬಂದರೆ 120 ದಿನಗಳೊಳಗೆ ತಕರಾರು ಹಾಕಲು ಅವಕಾಶವಿದೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಕೊಳ್ಳುವಾಗ ಅದು ಪ್ರತಿ ಚಿಕಿತ್ಸೆಗೂ ಇಷ್ಟೇ ಎಂದು ಮಿತಿ ಹಾಕುವ ಬಗೆಯದೇ ಎಂದು ಖಂಡಿತ ನೋಡಿಕೊಳ್ಳಿ. ಮಿತಿಗೂ ಬಿಲ್ಲಿಗೂ ನಡುವಿನ ಕಂದಕ ತುಂಬಬೇಕಾದವರು ನೀವೇ.

ಓಪನ್ ಎನ್‌ರೋಲ್‌ಮೆಂಟ್ ಬಂದಾಗ ಹೆಚ್‌ಆರ್‌ನವರನ್ನು ಕೇಳಿ: ನಮ್ಮದು ಸೆಲ್ಫ್ ಫಂಡೆಡ್ ಪ್ಲಾನೇ? ಸ್ಕ್ಯಾನ್, ಮಂಡಿ ಆಪರೇಷನ್ನಿಗೆ ಅಗ್ಗದ ಕಡೆ ಹೋದರೆ ಡಿಡಕ್ಟಿಬಲ್ ಬಿಡುತ್ತೀರಾ? ನಾವು ಕೇಳಿದಾಗ ಆಕೆ ‘ಇದುವರೆಗೆ ಯಾರೂ ಕೇಳಿರಲಿಲ್ಲ’ ಎಂದು ಬರೆದುಕೊಂಡರು. ಮಗಳಿಗೆ ಫೆಬ್ರವರಿಯಲ್ಲಿ ಮತ್ತೊಮ್ಮೆ ಸ್ಕ್ಯಾನ್ ಆಗಬೇಕೆಂದಿದ್ದಾರೆ. ಈ ಸಲ ಮೂರು ಮೈಲಿ ಆಚೆಗೆ ಹೋಗುತ್ತೇವೆ.